ಅಮ್ಮನಿಗೆ ಎಂಸಿಐ (ಡಿಮೆನ್ಷಿಯಾದಷ್ಟಿಲ್ಲದ, ವಯಸ್ಸಿಗೆ ಮೀರಿದ ಮರೆವು), ನಡೆಯುವಾಗ ವಾಲುತ್ತಾರೆ. ಕೋಲು ಕೊಡಿಸಲಾ, ಫಿಸಿಯೋ ಮಾಡಿಸಲಾ?

ತುಮಕೂರು ಮಗ: ಅಮ್ಮನಿಗೆ 72. ನೆನಪು, ಗಮನ ಅಳೆಯುವ ಮೊಕಾ ಟೆಸ್ಟಲ್ಲಿ 30ಕ್ಕೆ 22 ಬಂತು. ಡಿಮೆನ್ಷಿಯಾ ಅಲ್ಲ, ಎಂಸಿಐ ಅಂದರು. ಸುಮ್ನೆ ನಡೆದರೆ ಸರಿ ಇರುತ್ತಾರೆ, ಮಾತಾಡುತ್ತಾ ನಡೆದರೆ ಗೋಡೆ ಹಿಡಿಯುತ್ತಾರೆ. ಅನುಭವ ಇದ್ದವರು ಹೇಳಿ.

ಹಾಸನದ ಸೊಸೆ: ಅದೆಲ್ಲ ಆಮೇಲೆ, ಮೊದಲು ಬಚ್ಚಲು ನೋಡಿ. ನಮ್ಮ ಮಾವ ಬಿದ್ದಿದ್ದು ಅಲ್ಲೇ. ಸೊಂಟದ ಮೂಳೆ ಮುರಿಯಿತು. ಆಪರೇಷನ್‌ಗೆ 2,60,000. ಇನ್ಶೂರೆನ್ಸಿನವರು ಗ್ಲೌಸು, ಡಯಪರ್ ಅಂತ 31,400 ಕಡಿದರು. ಆಮೇಲೆ ಎರಡು ಸ್ಟೀಲ್ ಹಿಡಿಕೆ ತಂದೆವು, ಒಂದಕ್ಕೆ 1,350. ಡ್ರಿಲ್ ಮಾಡಲು ಬಂದವನು ಎರಡು ಟೈಲ್ಸ್ ಒಡೆದ. ಅದೇ ಡಿಸೈನ್ ಊರೆಲ್ಲ ಹುಡುಕಿದರೂ ಸಿಗಲಿಲ್ಲ.

ಮೇಷ್ಟ್ರ ಮಗ: ಬಚ್ಚಲು ಸರಿಮಾಡಿದರೆ ಅಂಗಳದಲ್ಲಿ ಬೀಳಲ್ವಾ? ನಡೆಯೋಕೆ ಕಾಲಿನಷ್ಟೇ ಗಮನವೂ ಬೇಕು. ಮೂರು ಮೀಟರ್ ಹೋಗಿ ತಿರುಗಿ ಬಂದು ಕೂರುವ ಟೆಸ್ಟಲ್ಲಿ ನಮ್ಮಪ್ಪ ಆರಾಮಾಗಿ ಪಾಸು. ನಕ್ಷತ್ರಗಳ ಹೆಸರು ಹೇಳುತ್ತಾ ನಡೆಯಿರಿ ಅಂದರು, ಅದೂ ಸಲೀಸು. ಬಾಯಿಪಾಠ ತಾನೇ! ಹಿಂದಿನಿಂದ ಹೇಳಿ ಅಂದರು. ರೇವತಿ, ಉತ್ತರಾಭಾದ್ರ ಅಂದವರು ಅಲ್ಲೇ ನಿಂತುಬಿಟ್ಟರು. ಮನೆಗೆ ಬರುವ ಫಿಸಿಯೋಗೆ ಒಂದು ಸಲಕ್ಕೆ 700 ಕೊಡುತ್ತಿದ್ದೇನೆ. ಒಂದು ರೂಪಾಯಿಯೂ ದಂಡ ಅಲ್ಲ. ಈಗ ಪೂರ್ವಾಷಾಢದವರೆಗೂ ಹೇಳುತ್ತಾ ನಡೆಯುತ್ತಾರೆ.

ಕಾಫಿಪುಡಿ: ಎಲ್ಲವನ್ನೂ ಎಂಸಿಐ ತಲೆಗೆ ಕಟ್ಟಬೇಡಿ. ನಮ್ಮತ್ತೆಗೆ ಮರೆವು, ಪಾದ ಜೋಮು, ದೀಪ ಆರಿಸಿದರೆ ತೂರಾಟ. ಸ್ಕ್ಯಾನಿಗೆ 9,500 ಸುರಿದ ಮೇಲೆ ಇನ್ನೊಬ್ಬ ಡಾಕ್ಟರು ವಿಟಮಿನ್ ಬಿ12 ನೋಡಿಸಿದರು. ಬರೀ 148, ಕಮ್ಮಿ! ಕಾರಣ ಸಸ್ಯಾಹಾರ, ಜೊತೆಗೆ ಶುಗರ್‌ಗೆ ವರ್ಷಗಟ್ಟಲೆ ನುಂಗಿದ ಮೆಟ್‌ಫಾರ್ಮಿನ್ ಮಾತ್ರೆ. ಇಂಜೆಕ್ಷನ್ ಕೊಟ್ಟ ಮೇಲೆ ತೂರಾಟ ಕಮ್ಮಿ ಆಯಿತು. ನಕ್ಷತ್ರ ಎಣಿಸಿ ಅಲ್ಲ.

ಮೇಷ್ಟ್ರ ಮಗ: ನಮ್ಮಪ್ಪನ ಬಿ12 ಸರಿ ಇದೆ. ಓದಿ ಮಾತಾಡಿ.

ಕಾಫಿಪುಡಿ: ನಿದ್ದೆ ಮಾತ್ರೆ? ನಿಂತಾಗ ಬಿಪಿ ಇಳಿಯುತ್ತಾ ನೋಡಿಸಿದಿರಾ? 700 ತಗೊಳ್ಳೋರು ಇದನ್ನೆಲ್ಲ ಹೇಳಲ್ಲ.

ಡಲ್ಲಾಸ್ ಕನ್ನಡಿಗ: ಅಪ್ಪ ಮೈಸೂರಲ್ಲಿ ಒಬ್ಬರೇ. ನಾಲ್ಕು ಕಾಲಿನ ಕೋಲು ಕೊಡಿಸಿದೆ, 1,100. ಕೋಲು ಮೊದಲಾ ಕಾಲು ಮೊದಲಾ ಅಂತ ಯೋಚಿಸುವುದರಲ್ಲೇ ಎಡವಿದರು. ಈ ಸ್ಥಿತಿಯಲ್ಲಿ ಕೋಲು ಹಿಡಿಯುವುದೂ ಹೊಸ ಪಾಠ. ಕಲಿಸುವವರು ಬೇಕು. ಹೋಗಲಿ ಅಂತ ಕ್ಯಾಮೆರಾ ಹಾಕಿಸಿದೆ, ಆಯಾ ಇಟ್ಟೆ. ತಿಂಗಳಿಗೆ 28,000, ಏಜೆನ್ಸಿಗೆ ಕಮಿಷನ್ ಬೇರೆ. ಸಂಕ್ರಾಂತಿಗೆ ಊರಿಗೆ ಹೋದ ಆಯಾ ತಿರುಗಿ ಬರಲಿಲ್ಲ. ಕಮಿಷನ್ನೂ ವಾಪಸ್ ಇಲ್ಲ.

ಹಾಸನದ ಸೊಸೆ: ಬಿದ್ದವರನ್ನು ಕ್ಯಾಮೆರಾ ಎತ್ತುತ್ತಾ? ಎತ್ತೋರು ನಮ್ಮಂಥ ಸೊಸೆಯಂದಿರು. ಫೋನಲ್ಲಿ ನೋಡೋರಿಗೆ ಅದು ಹೇಗೆ ಗೊತ್ತಾಗಬೇಕು?

ಡಲ್ಲಾಸ್ ಕನ್ನಡಿಗ: ನನ್ನ ಮನೆಯ ಪರಿಸ್ಥಿತಿ ನಿಮಗೇನು ಗೊತ್ತು ಮೇಡಂ? ಹತ್ತಿರದಲ್ಲೇ ಇದ್ದರೂ ನಿಮ್ಮ ಮಾವ ಬಿದ್ದರಲ್ಲ.

ಹಾಸನದ ಸೊಸೆ: ನಾಲಿಗೆ ಬಿಗಿಹಿಡಿದು ಮಾತಾಡಿ.

ತುಮಕೂರು ಮಗ: ದಯವಿಟ್ಟು ಜಗಳ ಬೇಡ. ಬಿ12 ನಾಳೆ ಮಾಡಿಸುತ್ತೇನೆ. ಮಾತಾಡುವಾಗ ಮಾತ್ರ ವಾಲುವುದಕ್ಕೂ ಅದೇ ಕಾರಣ ಇರಬಹುದಾ?

ಮೇಷ್ಟ್ರ ಮಗ: ಮಾತಾಡುವಾಗ ಮಾತ್ರ ಅಂದರೆ ಗಮನದ ತೊಂದರೆ ಇರಬಹುದು. ಅದನ್ನೇ ತಾನೇ ನಾನು ಆಗಿಂದ ಹೇಳುತ್ತಿರೋದು!

ಕಾಫಿಪುಡಿ: ಸೊಸೆಯವರೇ, ಟೈಲ್ಸ್ ಹಾಕಿಸುವಾಗ ಒಂದು ಬಾಕ್ಸ್ ಜಾಸ್ತಿ ತರಬೇಕಿತ್ತು. ಅಷ್ಟೂ ಗೊತ್ತಿಲ್ವಾ?

ಹಾಸನದ ಸೊಸೆ: ಮನೆ ಕಟ್ಟಿಸಿದ್ದು 1998ರಲ್ಲಿ, ನಮ್ಮ ಮಾವ. ಅವರನ್ನೇ ಕೇಳಿ.