ಪೈಥಾನ್: ಉದ್ದದ ಸ್ಟ್ರಿಂಗ್ ಮುರಿದು ಬರೆದರೆ ಮೊದಲ ಸಾಲು ಮಾತ್ರ ಬರುತ್ತಿದೆ, ಎರರ್ ಕೂಡ ಇಲ್ಲ

ಪ್ರಶ್ನೆ

ಪುಸ್ತಕ ತಗೊಂಡು ಹೋದವರಿಗೆ ನೆನಪು ಮಾಡುವ ಮೆಸೇಜ್ ಕಳಿಸಲು ಸಣ್ಣ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಮೊದಲು ಇಡೀ ಮೆಸೇಜನ್ನು ಏಳೆಂಟು ಪ್ಲಸ್ ಹಾಕಿ ಒಂದೇ ಸಾಲಿನಲ್ಲಿ ಬರೆದಿದ್ದೆ. ಓದಬೇಕಾದರೆ ಬಲಕ್ಕೆ ಸರಿಸುತ್ತಾ ಹೋಗಬೇಕು. ಆಮೇಲೆ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ಮುರಿದೆ. ಎರಡು ದಿನ ಓಡಿತು, ನಿನ್ನೆ ಇದ್ದಕ್ಕಿದ್ದಂತೆ ಸಿಂಟ್ಯಾಕ್ಸ್ ಎರರ್. ಅಕ್ಕಪಕ್ಕ ಇಟ್ಟ ಸ್ಟ್ರಿಂಗ್‌ಗಳು (ಪಠ್ಯದ ತುಂಡುಗಳು) ತಾವಾಗೇ ಅಂಟಿಕೊಳ್ಳುತ್ತವೆ, ಪ್ಲಸ್ ಬೇಡ ಅಂತ ಓದಿದ ನೆನಪು. ಹೀಗೆ ಮಾಡಿದೆ:

```
ಸಂದೇಶ = "ನೀವು ತಗೊಂಡ ಪುಸ್ತಕದ"
"ಗಡುವು ನಾಳೆ ಮುಗಿಯುತ್ತದೆ."
"ದಯವಿಟ್ಟು ವಾಪಸ್ ಕೊಡಿ."
```

ಈಗ ಎರರ್ ಇಲ್ಲ. ಆದರೆ ಮೆಸೇಜ್‌ನಲ್ಲಿ "ನೀವು ತಗೊಂಡ ಪುಸ್ತಕದ" ಅಷ್ಟೇ ಬರುತ್ತಿದೆ. ಉಳಿದದ್ದು ಎಲ್ಲಿ ಹೋಯಿತು?

ಉತ್ತರ 1

ಎಲ್ಲೂ ಹೋಗಿಲ್ಲ, ಅಲ್ಲೇ ಸುಮ್ನೆ ಕೂತಿದೆ. ಮೊದಲ ಸಾಲು ಮುಗಿದ ಕೂಡಲೇ ಪೈಥಾನ್ ಲೆಕ್ಕದಲ್ಲಿ ಆ ಹೇಳಿಕೆಯೂ (ಸ್ಟೇಟ್‌ಮೆಂಟ್) ಮುಗಿಯಿತು. ಎರಡನೇ ಸಾಲು ಬೇರೆಯೇ ಹೇಳಿಕೆ. ಬರೀ ಒಂದು ಸ್ಟ್ರಿಂಗ್, ಯಾವ ಹೆಸರಿಗೂ ಸೇರಿಲ್ಲ. ಹಾಗೆ ಬರೆಯುವುದು ತಪ್ಪೂ ಅಲ್ಲ, ಆದ್ದರಿಂದ ಪೈಥಾನ್ ಸದ್ದಿಲ್ಲದೆ ದಾಟಿ ಹೋಗುತ್ತದೆ. ಆ ಸಾಲನ್ನು ನೀವು ಪ್ಲಸ್‌ನಿಂದ ಶುರು ಮಾಡಿದ್ದರೆ ಟೈಪ್ ಎರರ್ ಆದರೂ ಬಂದು ತಪ್ಪು ಬೇಗ ಸಿಗುತ್ತಿತ್ತು.

ನೀವು ಓದಿದ್ದು ಸರಿ, ಅರ್ಧ ಮಾತ್ರ ನೆನಪಿದೆ. ಅಂಟಿಕೊಳ್ಳಬೇಕಾದರೆ ಎಲ್ಲವೂ ಒಂದೇ ಹೇಳಿಕೆಯೊಳಗೆ ಇರಬೇಕು. ಸುತ್ತ ಬ್ರಾಕೆಟ್ ಹಾಕಿ:

```
ಸಂದೇಶ = (
    "ನೀವು ತಗೊಂಡ ಪುಸ್ತಕದ"
    "ಗಡುವು ನಾಳೆ ಮುಗಿಯುತ್ತದೆ."
    "ದಯವಿಟ್ಟು ವಾಪಸ್ ಕೊಡಿ."
)
```

ಬ್ರಾಕೆಟ್ ಮುಚ್ಚುವ ತನಕ ಪೈಥಾನ್ ಸಾಲು ಮುಗಿಯಿತು ಅಂದುಕೊಳ್ಳುವುದಿಲ್ಲ. ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದು ನೋಡಿ ಖುಷಿಯಾಯಿತು. ಪೈಥಾನ್ 3 ಅದನ್ನು ಒಪ್ಪುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ.

ನಿನ್ನೆಯ ಎರರ್ ಬಗ್ಗೆ: ಯಾವುದೋ ಬ್ಯಾಕ್‌ಸ್ಲ್ಯಾಶ್ ಆದಮೇಲೆ ಒಂದು ಸ್ಪೇಸ್ ಬಿದ್ದಿರುತ್ತದೆ. ಬ್ಯಾಕ್‌ಸ್ಲ್ಯಾಶ್ ಆದ ಕೂಡಲೇ ಸಾಲು ಮುಗಿಯಬೇಕು, ಒಂದು ಸ್ಪೇಸ್ ಇದ್ದರೂ ಕೆಡುತ್ತದೆ. ಕಣ್ಣಿಗೆ ಕಾಣದ ಅಕ್ಷರವನ್ನು ನಂಬಿ ಕೋಡ್ ಬರೆಯುವುದು ಯಾಕೆ? ಬ್ರಾಕೆಟ್ ಒಳಗಾದರೆ ಸಾಲಿನ ಕೊನೆಗೆ ಕಾಮೆಂಟ್ ಕೂಡ ಬರೆಯಬಹುದು. ಬ್ಯಾಕ್‌ಸ್ಲ್ಯಾಶ್ ಆದಮೇಲೆ ಅದೂ ಆಗುವುದಿಲ್ಲ.

ಕೇಳಿದವರು

ಬಂತು! ಆದರೆ "ಪುಸ್ತಕದಗಡುವು" ಅಂತ ಅಂಟಿಕೊಂಡು ಬಂದಿದೆ. ಇನ್ನೊಂದು, ಮೊದಲಲ್ಲಿ ಓದುಗರ ಹೆಸರು ಸೇರಿಸಲು ಹೋದರೆ ಮತ್ತೆ ಸಿಂಟ್ಯಾಕ್ಸ್ ಎರರ್.

ಉತ್ತರ 1

ಸ್ಪೇಸ್ ನೀವೇ ಕೊಡಬೇಕು, ಪೈಥಾನ್ ತಾನಾಗಿ ಹಾಕುವುದಿಲ್ಲ. ಜಾಸ್ತಿ ಜನ ಅದನ್ನು ತುಂಡಿನ ಕೊನೆಗೆ ಇಡುತ್ತಾರೆ. ನಾನು ಮುಂದಿನ ತುಂಡಿನ ಮೊದಲಲ್ಲಿ ಇಡುತ್ತೇನೆ. ತುಂಡುಗಳ ಉದ್ದ ಬೇರೆ ಬೇರೆ, ಕೊನೆಯ ಸ್ಪೇಸ್ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ಅಡಗಿರುತ್ತದೆ. ಮೊದಲಲ್ಲಿದ್ದರೆ ಎಲ್ಲವೂ ಒಂದೇ ನೇರಕ್ಕೆ ಬರುತ್ತವೆ, ಯಾವುದು ಬಿಟ್ಟುಹೋಗಿದೆ ಅಂತ ತಕ್ಷಣ ಕಾಣುತ್ತದೆ.

ತಾವಾಗೇ ಅಂಟಿಕೊಳ್ಳುವುದು ಕೋಟ್ ಒಳಗಿನ ಸ್ಟ್ರಿಂಗ್‌ಗಳಿಗೆ ಮಾತ್ರ. ವೇರಿಯಬಲ್ (ಹೆಸರು ಕೊಟ್ಟಿಟ್ಟ ಮೌಲ್ಯ) ಬಂದರೆ ಅದರ ಎರಡೂ ಕಡೆ ಪ್ಲಸ್ ಬೇಕು:

```
ಸಂದೇಶ = (
    "ನಮಸ್ಕಾರ " + ಹೆಸರು + ","
    " ನೀವು ತಗೊಂಡ ಪುಸ್ತಕದ"
    " ಗಡುವು ನಾಳೆ ಮುಗಿಯುತ್ತದೆ."
)
```

ಉತ್ತರ 2

ಇಷ್ಟು ಕಷ್ಟ ಯಾಕೆ, ಮೊದಲಿಗೂ ಕೊನೆಗೂ ಮೂರು ಮೂರು ಕೋಟ್ ಹಾಕಿ ಮುಗಿಸಬಹುದಲ್ವಾ? ಹೆಸರಿಗೆ ಎಫ್-ಸ್ಟ್ರಿಂಗ್ ಇದೆ (ಕೋಟ್‌ಗೆ ಮೊದಲು f ಹಾಕಿ, ಒಳಗೆ ಹೂ-ಬ್ರಾಕೆಟ್‌ನಲ್ಲಿ ವೇರಿಯಬಲ್ ಬರೆಯುವುದು), ಪೈಥಾನ್ 3.6ರಿಂದಲೇ.

ಉತ್ತರ 1

ಮೂರು ಕೋಟ್ ಹಾಕಿದರೆ ನೀವು ಮುರಿದ ಕಡೆಯೆಲ್ಲ ಮೆಸೇಜ್ ಕೂಡ ಮುರಿಯುತ್ತದೆ. ಫಂಕ್ಷನ್ ಒಳಗಿದ್ದರೆ ಎಡಗಡೆ ಬಿಟ್ಟ ಜಾಗವೂ ಮೆಸೇಜ್ ಒಳಗೆ ಬರುತ್ತದೆ. ಆ ಜಾಗ ತೆಗೆಯಲು ಟೆಕ್ಸ್ಟ್‌ರ್‍ಯಾಪ್ ಮಾಡ್ಯೂಲ್‌ನಲ್ಲಿ ಡಿಡೆಂಟ್ ಇದೆ, ಸರಿ. ಹಲವು ಪ್ಯಾರಾಗಳ ಪತ್ರಕ್ಕೆ ನಾನೂ ಮೂರು ಕೋಟ್ ಬಳಸುತ್ತೇನೆ. ಒಂದೇ ಸಾಲಾಗಿ ಹೋಗಬೇಕಾದ ಮೆಸೇಜ್‌ಗೆ ಬೇಡ.

ಎಫ್-ಸ್ಟ್ರಿಂಗ್ ಮಾತು ಒಪ್ಪುತ್ತೇನೆ, ಪ್ಲಸ್‌ಗಿಂತ ಓದಲು ಸಲೀಸು. ಆದರೆ ಎಫ್ ಅಕ್ಷರ ಯಾವ ತುಂಡಿಗೆ ಇದೆಯೋ ಆ ತುಂಡಿಗೆ ಮಾತ್ರ ಲಾಗು. ಮೊದಲ ತುಂಡಿಗೆ ಹಾಕಿ ಎರಡನೆಯದಕ್ಕೆ ಮರೆತರೆ ಎರಡನೆಯದರಲ್ಲಿ ಹೂ-ಬ್ರಾಕೆಟ್ ಸಮೇತ ವೇರಿಯಬಲ್ ಹೆಸರೇ ಹೊರಗೆ ಬರುತ್ತದೆ. ನಾನೇ ಒಮ್ಮೆ ಹಾಗೆ ಕಳಿಸಿ, ಪಡೆದವರಿಂದ "ಇದೇನಿದು?" ಅಂತ ಕೇಳಿಸಿಕೊಂಡಿದ್ದೇನೆ.

ಉತ್ತರ 3

ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಅಂಟಿಕೊಳ್ಳುವ ಗುಣ ಲಿಸ್ಟ್ ಒಳಗೆ ಕೈ ಕೊಡುತ್ತದೆ. ಒಂದು ಕಾಮಾ ಬಿಟ್ಟರೆ ಎರಡು ಐಟಂ ಸೇರಿ ಒಂದಾಗುತ್ತವೆ, ಎರರ್ ಬರುವುದಿಲ್ಲ. ಇದನ್ನು ಭಾಷೆಯಿಂದಲೇ ತೆಗೆಯೋಣ ಅಂತ 2007ರಲ್ಲಿ ಪೆಪ್ 3126 ಎಂಬ ಪ್ರಸ್ತಾವ ಬಂದಿತ್ತು, ಒಪ್ಪಲಿಲ್ಲ. ಉಲ್ಟಾ ತೊಂದರೆಯೂ ಇದೆ. ಬ್ರಾಕೆಟ್ ಒಳಗೆ ತುಂಡುಗಳ ನಡುವೆ ಕಾಮಾ ಬಿದ್ದರೆ ಸ್ಟ್ರಿಂಗ್ ಬದಲು ಟ್ಯೂಪಲ್ (ಬಿಡಿ ಬಿಡಿ ಐಟಂಗಳ ಗುಂಪು) ಸಿಗುತ್ತದೆ.

ಕೇಳಿದವರು

ಮೆಸೇಜ್ ಈಗ ಸರಿಯಾಗಿ ಹೋಗುತ್ತಿದೆ, ಇಬ್ಬರಿಗೂ ಎಫ್-ಸ್ಟ್ರಿಂಗ್‌ಗೆ ಥ್ಯಾಂಕ್ಸ್. ಮೂರನೇ ಉತ್ತರ ಓದಿ ಅದೇ ಫೈಲ್‌ನಲ್ಲಿದ್ದ ವಿಭಾಗಗಳ ಲಿಸ್ಟ್ ತೆಗೆದು ನೋಡಿದೆ. ಆರು ಇರಬೇಕಿತ್ತು, ಎಣಿಸಿದರೆ ಐದು. "ಕಥೆಕವನ" ಅಂತ ಒಂದು ವಿಭಾಗ ಎಷ್ಟು ದಿನದಿಂದ ಅಲ್ಲಿತ್ತೋ!