ಸಹಾಯ ಬೇಕು: ಅಮ್ಮನ ಜೊತೆ ಸೆಂಟ್ರಲ್ ಪಾರ್ಕ್ ಲ್ಯಾಟಿನ್ ಡಿಜೆ ಸಂಜೆಗೆ

ನಮಸ್ಕಾರ ಎಲ್ರಿಗೂ. ಈ ಶನಿವಾರ ಸಂಜೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ, ಸಮ್ಮರ್‌ಸ್ಟೇಜ್ ಅನ್ನೋ ಬೇಸಿಗೆ ಸಂಗೀತೋತ್ಸವ ನಡೆಯೋ ರಮ್ಸೀ ಪ್ಲೇಫೀಲ್ಡ್ ಬಯಲಲ್ಲಿ, ಲ್ಯಾಟಿನ್ ಅಮೆರಿಕದ ಹಾಡುಗಳ ಡಿಜೆ ಕಾರ್ಯಕ್ರಮ. ಟಿಕೆಟ್ ಇಲ್ಲ, ಮೊದಲು ಬಂದವರಿಗೆ ಮೊದಲು ಪ್ರವೇಶ.

ಊರಿಂದ ಬಂದಿರೋ ಅಮ್ಮ ತಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾರೆ. ಮೊನ್ನೆ ಮನೇಲಿ ಸಾಲ್ಸಾ ಹಾಡು ಹಾಕಿದ್ದೆ. ಒಳಗಿಂದ "ಯಾರೇ ಅದು ಕಾಯಿ ತುರೀತಿರೋದು?" ಅಂದ್ರು. ಅದು ಗುಯಿರೋ ಅನ್ನೋ ವಾದ್ಯ ಅಮ್ಮ, ಒಣಗಿದ ಸೋರೆಬುರುಡೆಗೆ ಸಾಲಾಗಿ ಗೀರು ಹಾಕಿ ಕಡ್ಡೀಲಿ ಉಜ್ಜುತ್ತಾರೆ ಅಂದೆ. ಅವತ್ತಿಂದ ಅದನ್ನ ಕಣ್ಣಾರೆ ನೋಡ್ಬೇಕಂತೆ. ಡಿಜೆ ಹತ್ರ ಬುರುಡೆ ಎಲ್ಲಿಂದ ಬರಬೇಕು, ಬರೀ ರೆಕಾರ್ಡು ಅನ್ನೋ ಧೈರ್ಯ ನಂಗಿಲ್ಲ.

ಅಮ್ಮಂಗೆ ಮಂಡಿನೋವು. ನ್ಯೂಜೆರ್ಸಿಯ ಎಡಿಸನ್‌ನಿಂದ ರೈಲಲ್ಲಿ ನ್ಯೂಯಾರ್ಕಿನ ಪೆನ್ ಸ್ಟೇಷನ್‌ವರೆಗೆ ಬರ್ತೀವಿ. ಅಲ್ಲಿಂದ ಮೆಟ್ಟಿಲು ಕಮ್ಮಿ ಇರೋ ದಾರಿ ಯಾವುದು? 5ನೇ ಅವೆನ್ಯೂ ಕಡೆಯಿಂದ ಒಳಗೆ ಎಷ್ಟು ನಡೀಬೇಕು? ಸರದೀಲಿ ವಯಸ್ಸಾದವರಿಗೆ ಕೂರೋಕೆ ಜಾಗ ಕೊಡ್ತಾರಾ? ಸ್ಪೀಕರಿಂದ ದೂರ, ಟಾಯ್ಲೆಟ್‌ಗೆ ಹತ್ತಿರ ಇರೋ ಮೂಲೆ ಗೊತ್ತಿದ್ರೆ ಇನ್ನೂ ಒಳ್ಳೇದು. ಹೋಗಿಬಂದವರು ದಯವಿಟ್ಟು ತಿಳಿಸಿ.

ಹಾಂ, ಚಿತ್ರಾನ್ನದ ಡಬ್ಬಿ ಒಳಗೆ ಬಿಡ್ತಾರಾ? ಅಮ್ಮ ಆಗ್ಲೇ ನಿಂಬೆಹಣ್ಣು ತರಿಸಿಟ್ಟಿದ್ದಾರೆ.