ಅಪ್‌ಡೇಟ್: ಮಬ್ಬಾಗಿದ್ದ ಪ್ಲಮ್ ವೈನ್ ಬಾಟಲಿ ಸೇರಿತು

ವೈನ್ ತಿಳಿಯಾಗುತ್ತಿಲ್ಲ, ಸಣ್ಣ ಗುಳ್ಳೆಯೂ ಏಳ್ತಿದೆ, ಹೀಗೇ ಬಾಟಲಿಗೆ ತುಂಬಬಹುದಾ ಅಂತ ಕೇಳಿದ್ದೆ. ಮೊದಲು ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಉಪಕರಣ) ನೋಡಿ ಅಂದವರಿಗೆಲ್ಲ ಥ್ಯಾಂಕ್ಸ್.

ರೀಡಿಂಗ್ 0.996 ಬಂತು, ಕೆಲವು ದಿನ ಬಿಟ್ಟು ನೋಡಿದರೂ ಅಷ್ಟೇ. ಅಂದರೆ ಸಕ್ಕರೆ ಖಾಲಿಯಾಗಿ ಹುದುಗು ಮುಗಿದಿತ್ತು. ಏಳುತ್ತಿದ್ದದ್ದು ಒಳಗೆ ಕರಗಿ ಕೂತಿದ್ದ ಕಾರ್ಬನ್ ಡೈಆಕ್ಸೈಡ್. ಗಾಳಿ ಸೇರದಂತೆ ಮೆಲ್ಲಗೆ ಕಲಕಿದ ಮೇಲೆ ಅದೂ ಹೋಯಿತು.

ಮಬ್ಬು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದ ಸ್ಪಿರಿಟ್ ಪರೀಕ್ಷೆ ಮಾಡಿದೆ: ಒಂದು ಚಮಚ ವೈನಿಗೆ ನಾಲ್ಕು ಚಮಚ ಮೆಥಿಲೇಟೆಡ್ ಸ್ಪಿರಿಟ್ (ಕುಡಿಯಬಾರದ, ವಿಷ ಬೆರೆಸಿದ ಆಲ್ಕೋಹಾಲ್). ಸ್ವಲ್ಪ ಹೊತ್ತಿಗೆ ಲೋಟದೊಳಗೆ ಲೋಳೆಯಂಥ ಎಳೆಗಳು ತೇಲಾಡಿದವು. ಪೆಕ್ಟಿನ್, ಅಂದರೆ ಹಣ್ಣಿನಲ್ಲಿರುವ ಅಂಟು ಪದಾರ್ಥ! (ಆ ಸ್ಯಾಂಪಲ್ ವಿಷ, ನೇರ ಚರಂಡಿಗೆ.) ವೈನಿಗೆ ಪೆಕ್ಟಿನ್ ಒಡೆಯುವ ಪೆಕ್ಟಿಕ್ ಎಂಜೈಮ್ ಹಾಕಿದೆ. ಆಲ್ಕೋಹಾಲ್ ಇರುವಾಗ ಅದು ನಿಧಾನ, ವೈನ್ ತಿಳಿಯಾಗಲು ವಾರಗಟ್ಟಲೆ ಕಾಯಿಸಿತು. ಹಣ್ಣು ಜಜ್ಜಿದಾಗಲೇ ಹಾಕುವುದು ಜಾಣತನ.

ಆಮೇಲೆ ಗಷ್ಟು ಕದಡದಂತೆ ಸೈಫನ್ ಮಾಡಿದೆ. ಪೈಪಿನ ತುದಿ ಬಾಟಲಿಯ ತಳ ಮುಟ್ಟಿರಬೇಕು. ಮೇಲಿಂದ ಸುರಿದರೆ ಆಮ್ಲಜನಕ ಸೇರಿ ಬಣ್ಣ, ರುಚಿ ಎರಡೂ ಕೆಡುತ್ತವೆ. ಕಾರ್ಕ್ ಕೆಳಗೆ ಎರಡು ಸೆಂಟಿಮೀಟರ್ ಜಾಗ ಬಿಟ್ಟೆ. ಕೆಲ ದಿನ ನೆಟ್ಟಗೆ ನಿಲ್ಲಿಸಿ, ಈಗ ಅಡ್ಡ ಮಲಗಿಸಿದ್ದೇನೆ.

ತುಂಬುವಾಗಲೇ ಸಕ್ಕರೆ ಸೇರಿಸಿ ಅಂದವರ ಮಾತು ಕೇಳಲಿಲ್ಲ, ಬೇಜಾರಾಗಬೇಡಿ. ಯೀಸ್ಟ್ ಮತ್ತೆ ಬೆಳೆಯದಂತೆ ತಡೆಯುವ ಪೊಟ್ಯಾಸಿಯಮ್ ಸಾರ್ಬೇಟ್ ಮತ್ತು ಸಲ್ಫೈಟ್ ಹಾಕದೆ ಸಿಹಿ ಮಾಡಿದರೆ ಉಳಿದ ಯೀಸ್ಟ್ ಮತ್ತೆ ಎದ್ದು ಬಾಟಲಿಯೇ ಸಿಡಿಯಬಹುದು. ಸಿಹಿ ಬೇಕಾದರೆ ಕುಡಿಯುವಾಗ ಲೋಟಕ್ಕೇ ಹಾಕಿಕೊಳ್ಳುತ್ತೇನೆ.